ಮತ್ತೊಮ್ಮೆ ಕೂಡಿಸಿದ ಮಧ್ಯಾಹ್ನ

"ಈ ಮಾಡೆಲ್ ಈ ಹುಡುಗಿ ಮಾಡಿದ್ದಲ್ಲ!"

ಅಷ್ಟು ದೊಡ್ಡ ಹಾಲ್‌ನಲ್ಲಿ, ಅಷ್ಟೊಂದು ಮಕ್ಕಳ ಎದುರಿಗೆ, ಆ ತೀರ್ಪುಗಾರ ಹಾಗೆ ಅಂದೇಬಿಟ್ಟ. ಆ ಹುಡುಗಿಯ ಗಣಿತದ ಮೇಡಂ ಸರ್ವಮಂಗಳಾಗೆ ಮೈಯೆಲ್ಲ ಉರಿದುಹೋಯಿತು.

ಅದು ನಂಜನಗೂಡಿನಲ್ಲಿ ನಡೆದ ಪ್ರೌಢಶಾಲೆಗಳ ಗಣಿತ ಮೇಳ. ತೊಂಬತ್ತೊಂಬತ್ತನೇ ಇಸವಿಯ ಡಿಸೆಂಬರ್. ತೀರ್ಪುಗಾರರು ಪ್ರಶ್ನೆ ಕೇಳುವಾಗ ಮಕ್ಕಳ ಜೊತೆ ಬಂದ ಮೇಷ್ಟರುಗಳು ಸೀಮೆಸುಣ್ಣದ ಗೆರೆಯ ಆಚೆ ನಿಂತಿರಬೇಕು, ತುಟಿ ಬಿಚ್ಚಬಾರದು ಅನ್ನುವುದು ಮೇಳದ ನಿಯಮ. ಸರ್ವಮಂಗಳಾ ಆ ಗೆರೆಯನ್ನು ತುಳಿದುಕೊಂಡೇ ಒಳಗೆ ಬಂದಳು.

"ಏನ್ರೀ ಹೇಳ್ತಿದ್ದೀರಾ? ನೀವು ನೋಡಿದ್ರಾ ಬೇರೆಯವರು ಮಾಡಿದ್ದನ್ನ?"

"ಮೇಡಂ, ಎಂಟನೇ ಕ್ಲಾಸಿನ ಮಗು ಇಪ್ಪತ್ತು ಮುಖದ ಆಕೃತೀನ ಇಷ್ಟು ಅಚ್ಚುಕಟ್ಟಾಗಿ ಕಟ್ಟೋಕೆ ಆಗಲ್ಲ. ಇದು ನಿಮ್ಮ ಕೈಕೆಲಸ," ಎಂದ ಆತ. ಹೆಸರು ರಾಜೇಂದ್ರ. ಟಿ. ನರಸೀಪುರದ ಕಡೆಯ ಹೈಸ್ಕೂಲೊಂದರ ಗಣಿತದ ಮೇಷ್ಟರು.

ಮೇಜಿನ ಹಿಂದೆ ನಿಂತಿದ್ದವಳು ಕವನ. ದೇವನೂರಿನ ಹುಡುಗಿ, ಕೂಲಿ ಮಾಡುವ ಶಿವನಂಜಮ್ಮನ ದೊಡ್ಡ ಮಗಳು. ಜೋಳದ ದಂಟಿನ ಸಿಪ್ಪೆಯನ್ನು ಕಡ್ಡಿ ಮಾಡಿ, ಒಳಗಿನ ಬೆಂಡನ್ನು ಗಂಟು ಮಾಡಿ ಆ ಆಕೃತಿಯನ್ನು ಕಟ್ಟಿದ್ದಳು. ದೊಡ್ಡವರಿಬ್ಬರೂ ಕೋಳಿಗಳ ಹಾಗೆ ಕಾದಾಡುತ್ತಿದ್ದರೆ ಅವಳಿಗೆ ಬೇಜಾರಾಯಿತೋ ಏನೋ.

"ಕಿತ್ತಾಕ್ಲಾ ಸಾ? ಮತ್ತೆ ಕಟ್ತೀನಿ, ನೋಡಿ."

ಅಂದವಳೇ ಕಿತ್ತೇ ಹಾಕಿದಳು! ಸರ್ವಮಂಗಳಾ "ಅಯ್ಯೋ!" ಎಂದು ಬಾಯಿ ಮುಚ್ಚಿಕೊಂಡಳು. ರಾಜೇಂದ್ರ ಮಾತ್ರ ಬೇರೆ ಮೇಜುಗಳನ್ನೆಲ್ಲ ಬಿಟ್ಟು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕವನಳ ಕಡ್ಡಿಬೆರಳುಗಳು ಚಕಚಕನೆ ಓಡಾಡಿ ಆಕೃತಿಯನ್ನು ಮತ್ತೆ ನಿಲ್ಲಿಸುವವರೆಗೂ ಅವನು ಅಲುಗಾಡಲಿಲ್ಲ. ಆಮೇಲೆ ಎದ್ದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ತಪ್ಪಾಯ್ತು ಮಗು. ಮೇಡಂ, ನಿಮ್ಮ ಹತ್ರಾನೂ… ತಪ್ಪಾಯ್ತು."

ತಪ್ಪಾಯ್ತು ಅನ್ನುವ ಮೇಷ್ಟರನ್ನು ಸರ್ವಮಂಗಳಾ ಅಲ್ಲಿಯವರೆಗೂ ಕಂಡಿರಲಿಲ್ಲ. ಅದೂ ಗಣಿತದ ಮೇಷ್ಟರನ್ನು! ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ… ಅವಳ ಎದೆಯೊಳಗೆ ಬೇರೆ ಏನೋ ಶುರುವಾಯಿತು.

ಆ ಒಂದು ವರ್ಷ ಅವಳ ಬದುಕಿನ ಒಳ್ಳೆಯ ವರ್ಷ. ಅಂಥ ವರ್ಷ ಆಮೇಲೆ ಬರಲಿಲ್ಲ. ಪ್ರಶ್ನೆಪತ್ರಿಕೆಯ ಸಭೆ, ಮೇಷ್ಟರ ತರಬೇತಿ ಅಂತ ಅವನು ನಂಜನಗೂಡಿಗೆ ಬರುತ್ತಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಾ ಇಬ್ಬರೂ ಯಾವುದೋ ಪ್ರಮೇಯಕ್ಕೆ ಜಗಳವಾಡುತ್ತಿದ್ದರು. ಕಳಲೆಗೆ ಹೋಗುವ ಅವಳ ಬಸ್ಸು ಎಷ್ಟೋ ಸಲ ಅವಳನ್ನು ಬಿಟ್ಟೇ ಹೋಗುತ್ತಿತ್ತು.

"ಈ ಸಲದ ಮೇಳ ನಮ್ಮೂರಲ್ಲಿ. ನಾನೇ ಮುಂದೆ ನಿಂತು ನಡೆಸ್ಬೇಕು," ಎಂದಿದ್ದ ಅವನು ಒಂದು ದಿನ. "ಅದೊಂದು ಮುಗೀಲಿ. ಕಳಲೆಗೆ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ."

"ಏನಂತ?" ಎಂದು ಕೇಳಿದ್ದಳು, ಗೊತ್ತಿದ್ದೂ.

"ನಿಮ್ಮ ಮಗಳು ತುಂಬಾ ಜಗಳಗಂಟಿ, ನಮ್ಮನೆಗೆ ಕಳಿಸ್ಕೊಡಿ ಅಂತ!"

ಅವಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದಳು.

*

ಮುಂದಿನದನ್ನು ಹೇಳುವುದಕ್ಕೆ ಬಾಯಿ ಬರುವುದಿಲ್ಲ. ಆದರೂ ಹೇಳಲೇಬೇಕು.

ಟಿ. ನರಸೀಪುರದ ಆ ಮೇಳದಲ್ಲಿ ಒಂದು ಪದ್ಧತಿಯಿತ್ತು. ತೀರ್ಪುಗಾರರು ಕೊಟ್ಟ ಅಂಕಗಳನ್ನು ಒಬ್ಬರು ಕೂಡಿಸಿದರೆ ಯಾರೂ ಒಪ್ಪುತ್ತಿರಲಿಲ್ಲ. ಎಲ್ಲರೂ ಗಣಿತದವರೇ ನೋಡಿ, ಒಬ್ಬರ ಕೂಡಿಕೆಯ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿಲ್ಲ. ಹಾಗಾಗಿ ಅಂಕಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಬಂದ ಮೇಷ್ಟರು ಮೇಡಮ್ಮುಗಳೆಲ್ಲ ಒಂದೇ ಕೋಣೆಯಲ್ಲಿ ಕೂತು, ಗಟ್ಟಿಯಾಗಿ ಹೇಳಿಕೊಂಡು ಕೂಡಿಸುತ್ತಿದ್ದರು. ಫಲಿತಾಂಶ ಮಕ್ಕಳ ಕಿವಿಗೆ ಬೀಳಬಾರದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಕ್ಕಳೆಲ್ಲ ಹೊರಗೆ, ದೊಡ್ಡವರೆಲ್ಲ ಒಳಗೆ!

ಈ ಸಲವೂ ಕವನಳನ್ನು ಕರೆತಂದಿದ್ದ ಸರ್ವಮಂಗಳಾ, ರಾಜೇಂದ್ರನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದಳು. ಅವನ ತೋಳು ಅವಳ ತೋಳಿಗೆ ತಾಕುತ್ತಿತ್ತು. ಮೊತ್ತ ಬಂತು. ಎಲ್ಲರದೂ ತಾಳೆಯಾಯಿತು.

"ಮಕ್ಕಳನ್ನ ಒಂದ್ಸಲ ನೋಡ್ಕೊಂಡು ಬರ್ತೀನಿ," ಎಂದು ಅವಳು ಎದ್ದಳು.

"ಎಲ್ಲಿಗ್ರೀ? ಕೂತ್ಕೊಳ್ಳಿ, ಇನ್ನೊಂದ್ಸಲ ಕೂಡಿಸಿಬಿಡೋಣ," ಎಂದ ರಾಜೇಂದ್ರ ಮೆಲ್ಲಗೆ, ನಗುತ್ತಾ.

ಅವಳು ಕೂತಳು. ಮೊತ್ತ ಸರಿಯಿದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೇಲಿನಿಂದ ಕೆಳಗೆ ಮತ್ತೆ ಕೂಡಿಸಿದಳು. ನಿಧಾನವಾಗಿ, ಬೇಕೆಂದೇ ನಿಧಾನವಾಗಿ… ಪಕ್ಕದಲ್ಲಿ ಕೂತಿರುವುದು ಅಷ್ಟು ಹಿತವಾಗಿತ್ತು.

ಹೊರಗೆ ಶಾಲೆಯ ನಲ್ಲಿಯಲ್ಲಿ ನೀರು ನಿಂತಿತ್ತು. ಮಕ್ಕಳ ಕೈಯೆಲ್ಲ ಗೋಂದು. ಹೊಳೆ ಶಾಲೆಯ ಹಿಂದೆಯೇ ಇತ್ತು.

ಬಾಗಿಲು ದಬದಬ ಬಡಿದ ಸದ್ದು.

"ಮಿಸ್! ಬಾಗ್ಲು ತೆಗೀರಿ ಮಿಸ್! ಒಳೇಲಿ… ಕವನ ಒಳೇಲಿ… ಕೈ ತೊಳ್ಯಾಕ್ ಓಗಿ…"

ಸರ್ವಮಂಗಳಾ ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ, ಸೆರಗು ಎಲ್ಲಿ ಹೋಯಿತೋ. ಮೀನು ಹಿಡಿಯುವವರು ಕವನಳನ್ನು ಮೇಲಕ್ಕೆ ತಂದು ಮಲಗಿಸಿದ್ದರು. ಅವಳ ಬೆರಳುಗಳ ಸಂದಿಯಲ್ಲಿ ಗೋಂದು ಇನ್ನೂ ಬಿಳಿಯಾಗಿ ಅಂಟಿಕೊಂಡಿತ್ತು. ಸರ್ವಮಂಗಳಾ ಆ ಬೆರಳುಗಳನ್ನು ಉಜ್ಜಿದಳು, ಉಜ್ಜಿದಳು… ಯಾರೋ ಹಿಡಿದು ಎಬ್ಬಿಸುವವರೆಗೂ ಉಜ್ಜುತ್ತಲೇ ಇದ್ದಳು.

*

ಇಲಾಖೆಯವರ ವಿಚಾರಣೆ ನಡೆಯಿತು. ರಾಜೇಂದ್ರನನ್ನು ಕೆಲಸದಿಂದ ಅಮಾನತು ಮಾಡಿದರು. ಅವಳಿಗೂ ನೋಟೀಸು ಬಂತು.

"ನೋಡಮ್ಮ," ಎಂದು ಅವಳ ಶಾಲೆಯ ಹೆಡ್‌ಮಾಸ್ಟರ್ ರಾಚಯ್ಯ ತಲೆ ತಗ್ಗಿಸಿಕೊಂಡೇ ಹೇಳಿದರು, "ಆ ನರಸೀಪುರದ ಮೇಷ್ಟರು ವಿಚಾರಣೇಲಿ ನಿನ್ನ ಹೆಸರು ಎತ್ತಿದ್ರಂತೆ."

'ನನ್ನ ಹೆಸರಾ? ತಾನು ಉಳಿಯೋದಕ್ಕೆ ನನ್ನ ಹೆಸರಾ?' ಮಗು ಹೋದ ಸಂಕಟ ಒಂದು ಕಡೆ, ಅದರ ಮೇಲೆ ಇದು. ಗಾಯದ ಮೇಲೆ ಬರೆ ಎಳೆದಂತಾಯಿತು.

ಮಾರನೇ ವಾರ ಅವನು ಕಳಲೆಗೆ ಬಂದ. ಅವಳಪ್ಪನ ಹತ್ತಿರ ಮಾತಾಡಬೇಕಾಗಿದ್ದ ಅದೇ ಬಾಗಿಲಲ್ಲಿ, ಗಡ್ಡ ಬಿಟ್ಟುಕೊಂಡು, ಕಣ್ಣು ಗುಳಿ ಬಿದ್ದು ನಿಂತಿದ್ದ.

"ನನ್ನ ಹೆಸರು ಹೇಳಿದ್ರಾ, ಇಲ್ವಾ? ಅಷ್ಟು ಹೇಳಿ," ಎಂದಳು ಅವಳು.

"ಹೇಳ್ದೆ. ಆದ್ರೆ ಸರ್ವಮಂಗಳಾ…"

"ಸಾಕು."

ಬಾಗಿಲು ಹಾಕಿಕೊಂಡಳು. ಅವನು ಇನ್ನೊಮ್ಮೆ ತಟ್ಟಲಿಲ್ಲ. ತಟ್ಟುತ್ತಾನೇನೋ ಎಂದು ಬಾಗಿಲಿಗೆ ಒರಗಿ ಅವಳು ಬಹಳ ಹೊತ್ತು ನಿಂತಿದ್ದಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಹೆಣ್ಣು ನೋಡಲು ಬಂದವರನ್ನೆಲ್ಲ ಬೇಡ ಅಂದಳು. ಅಪ್ಪ ಬೈದು ಬೈದು ಸುಮ್ಮನಾದರು. 'ನಾನು ಸುಖವಾಗಿ ಕೂತಿದ್ದಕ್ಕೆ ಒಂದು ಮಗು ಹೋಯ್ತು. ಇನ್ನು ನನಗೆ ಸುಖ ಯಾಕೆ?' ಇದೊಂದೇ ಅವಳ ತಲೆಯಲ್ಲಿ. ದೇವನೂರಿಗೆ ಮೊದಮೊದಲು ಸಂಜೆ ಹೊತ್ತು ಹೋಗಿ ಬರುತ್ತಿದ್ದಳು. ಶಿವನಂಜಮ್ಮ ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಿರಲಿಲ್ಲ. ಆ ಮೌನ ತಡೆಯಲಾರದೆ ಹೋಗುವುದನ್ನು ಬಿಟ್ಟುಬಿಟ್ಟಳು. ಅವಳ ಶಾಲೆಯಿಂದ ಮತ್ತೆ ಯಾವ ಮಗುವೂ ಯಾವ ಮೇಳಕ್ಕೂ ಹೋಗಲಿಲ್ಲ.

*

ಎರಡು ಸಾವಿರದ ನಾಲ್ಕು. ಕವನಳ ತಂಗಿ ರೋಜಾ ಎಂಟನೇ ಕ್ಲಾಸಿಗೆ ಬಂದು ಸರ್ವಮಂಗಳಾಳ ಎದುರಿಗೇ ಕೂತಳು. ಅದೇ ಮೂಗು, ಅದೇ ಕಡ್ಡಿಬೆರಳು. ಹಾಜರಿ ಕರೆಯುವಾಗ ಆ ಹೆಸರು ಬಂದರೆ ಸರ್ವಮಂಗಳಾಳ ದನಿ ನಡುಗುತ್ತಿತ್ತು.

ನವೆಂಬರ್‌ನಲ್ಲಿ ರಾಚಯ್ಯನವರು ಸ್ಟಾಫ್ ರೂಮಿಗೆ ಬಂದರು. "ಈ ವರ್ಷ ತಪ್ಪಿಸ್ಕೊಳ್ಳೋ ಹಾಗಿಲ್ಲಮ್ಮ. ಎಲ್ಲ ಹೈಸ್ಕೂಲೂ ಮೇಳಕ್ಕೆ ಬರಲೇಬೇಕಂತೆ. ಜಾಗ… ಅದೇ, ನರಸೀಪುರ."

ಕ್ಲಾಸಿನಲ್ಲಿ ಕೇಳಿದಾಗ ಎದ್ದ ಕೈ ಒಂದೇ ಒಂದು. ರೋಜಾಳದು.

"ನೀನು ಬೇಡ!" ಎಂದಳು ಸರ್ವಮಂಗಳಾ. ಎಷ್ಟು ಜೋರಾಗಿ ಅಂದಳೆಂದರೆ ಇಡೀ ಕ್ಲಾಸು ಬೆಚ್ಚಿಬಿತ್ತು.

ಹುಡುಗಿ ಕೈ ಇಳಿಸಲಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ರಟ್ಟು ಹಿಡಿದುಕೊಂಡು ಬಂದಳು. ನೀಲಿ ಬಣ್ಣ ಬಳಿದ ಹೊಳೆ, ಆಚೆ ದಡದಲ್ಲಿ ಒಂದು ಮರ, ಈಚೆ ದಡದಲ್ಲಿ ನೆಟ್ಟ ಕಡ್ಡಿಗಳು.

"ಏನೇ ಇದು?"

"ಒಳೆಗೆ ಇಳೀದೇನೇ ಅದು ಎಷ್ಟು ಅಗ್ಲ ಅಂತ ಕಂಡುಹಿಡ್ಯೋದು ಮಿಸ್. ದಡದಲ್ಲೇ ನಿಂತ್ಕಂಡು ಎರಡು ತ್ರಿಕೋನ ಮಾಡಿದ್ರೆ ಸಾಕು. ನೀರ್ ಮುಟ್ಟೋದೇ ಬೇಡ."

ಸರ್ವಮಂಗಳಾ ರಟ್ಟನ್ನು ಕೈಗೆ ತೆಗೆದುಕೊಂಡಳು.

"ಯಾಕೆ ಇದನ್ನೇ ಮಾಡ್ದೆ?"

"ಎಲ್ರೂ ನಮ್ಮಕ್ಕನ ಎಸ್ರೇಳಿ ನನ್ನ ಎಲ್ಲೂ ಕಳ್ಸಾಕಿಲ್ಲ ಮಿಸ್. ನೀವೂ ಅಂಗೇ ಮಾಡಿದ್ರೆ ನಾ ಎಲ್ಗೋಗ್ಲಿ?" ಅಷ್ಟೇ ಹೇಳಿ, ಕಣ್ಣೊರೆಸಿಕೊಂಡು ಹೋದಳು.

ಭಾನುವಾರ ಸರ್ವಮಂಗಳಾ ಗಟ್ಟಿ ಮನಸ್ಸು ಮಾಡಿ ದೇವನೂರಿನ ಬಸ್ಸು ಹತ್ತಿದಳು. ಶಿವನಂಜಮ್ಮನ ಮನೆಯ ಜಗುಲಿ ಕಂಡಿದ್ದೇ ಕಾಲು ನಿಂತುಹೋಯಿತು.

ಜಗುಲಿಯ ಮೇಲೆ ರಾಜೇಂದ್ರ ಕೂತಿದ್ದ!

ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವಳನ್ನು ಕಂಡು ಗಡಬಡಿಸಿ ಎದ್ದ.

"ನಾನು… ಹೊರಡ್ತೀನಿ ಶಿವನಂಜಮ್ಮ."

"ಕುಂತ್ಕಳಪ್ಪ ಸುಮ್ಕೆ," ಎಂದು ಗದರಿಸಿದಳು ಶಿವನಂಜಮ್ಮ, ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು. "ನೀನೂ ಕುಂತ್ಕ ಮೇಡಮ್ಮ. ಇಬ್ರೂ ಒಂದೇ ಕಿತ ಸಿಕ್ಕಿದ್ದೀರಿ. ಇವತ್ತು ನಾ ಆಡೋದ ಕೇಳಿ."

ಇಬ್ಬರೂ ಕೂತರು. ನಡುವೆ ಒಂದು ಕಂಬ.

"ಈವಯ್ಯ ಆಗಾಗ ಬತ್ತಾನೆ. ಇಂಗೇ ಗೋಡೆ ನೋಡ್ಕಂಡು ಕುಂತಿದ್ದು ಓಯ್ತಾನೆ. ನೀನು ಬರಾದೇ ಬುಟ್ಟೆ. ಯಾಕೆ ಮೇಡಮ್ಮ?"

"ಯಾವ ಮುಖ ಇಟ್ಕೊಂಡು ಬರ್ಲಿ ಶಿವನಂಜಮ್ಮ…"

"ಈವಯ್ಯನ್ನ ಯಾಕ್ ಮದ್ವೆ ಆಗ್ಲಿಲ್ಲ?"

ಸರ್ವಮಂಗಳಾ ಬೆಪ್ಪಾದಳು. ರಾಜೇಂದ್ರ ತಲೆ ಎತ್ತಲಿಲ್ಲ.

"ನಂಗೊತ್ತಿಲ್ವಾ? ನನ್ ಮಗು ದಿನಾ ಏಳ್ತಿತ್ತು. ನಮ್ ಮಿಸ್ಸೂ ಆ ಸಾರೂ ಜಗ್ಳಾಡ್ತಾರೆ ಕಣವ್ವ, ಮದ್ವೆ ಆದ್ರೆ ನಾನೂ ಓಗ್ತೀನಿ ಅಂತ." ಅವಳ ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಯಾಕ್ ಆಗ್ಲಿಲ್ಲ, ಏಳು?"

"ಇವರು ವಿಚಾರಣೇಲಿ ನನ್ನ ಹೆಸರು ಹೇಳಿದ್ರು," ಎಂದಳು ಸರ್ವಮಂಗಳಾ, ಮೆಲ್ಲಗೆ.

"ಏಳ್ದ. ನಾನೂ ಅಲ್ಲೇ ಕುಂತಿದ್ದೆ, ನನ್ನೂ ಕರ್ಸಿದ್ರು. ಆ ಮೇಡಮ್ಮ ಮಕ್ಳ ನೋಡಾಕೆ ಎದ್ದು ಒಂಟಿದ್ರು, ಬಾಗ್ಲು ಆಕ್ಸಿದ್ದು ನಾನು, ಅವ್ರ ಕೂರ್ಸಿದ್ದು ನಾನು, ತಪ್ಪೆಲ್ಲ ನಂದೇ, ಅವ್ರನ್ನ ಬುಟ್ಬುಡಿ ಅಂತ ಏಳ್ದ ಕಣವ್ವ. ಆ ಸಾಹೇಬ್ರ ಮುಂದೆ ಅತ್ಕಂಡು ಏಳ್ದ."

ಸರ್ವಮಂಗಳಾ ತಟ್ಟನೆ ತಲೆ ಎತ್ತಿದಳು. ಕಂಬದ ಆಚೆ ನೋಡಿದಳು. "ನೀವು… ಅವತ್ತು ಬಾಗಿಲಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿ ಏನು ಮಾಡೋದಿತ್ತು?" ಎಂದ ಅವನು. "ನೀವು ಬಾಗಿಲು ಹಾಕಿದ್ದೇ ಸರಿ ಅನ್ನಿಸ್ತು."

ಶಿವನಂಜಮ್ಮ ಇಬ್ಬರನ್ನೂ ನೋಡಿದಳು. ಅವಳ ಕಣ್ಣಲ್ಲಿ ಕರುಣೆಯೇನೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಇರಲಿಲ್ಲ.

"ನಾನು ನಿಮ್ಮನ್ನ ಚಮಿಸ್ನಿಲ್ಲ. ಚಮಿಸಾಕೂ ಇಲ್ಲ. ಎತ್ತ ಒಟ್ಟೆ ಇದು, ದಿನಾ ಉರೀತದೆ. ಆದ್ರೆ ನಿಮ್ ಮದ್ವೆ ನಿಂತೋದ್ರೆ ನನ್ ಮಗು ಎದ್ದು ಬತ್ತದಾ? ಈಗ ಈ ರೋಜಾ ಮೇಳಕ್ಕೆ ಓಗ್ಬೇಕು ಅಂತ ಕುಂತವಳೆ. ಕಟ್ಟಾಕಿ ಎಷ್ಟ್ ದಿನ ಸಾಕ್ಲಿ? ಒಂದ್ ಮಾತು. ನೀವಿಬ್ರೂ ಬಂದು ಕರ್ಕಂಡೋಗ್ಬೇಕು. ನೀವಿಬ್ರೂ ತಂದು ನನ್ ಕೈಗೆ ಬುಡ್ಬೇಕು. ಆಗ್ತದಾ?"

ಒಳಗಿನ ಬಾಗಿಲ ಸಂದಿಯಲ್ಲಿ ರೋಜಾ ಉಸಿರು ಹಿಡಿದು ನಿಂತಿದ್ದಳು.

"ಆಗುತ್ತೆ," ಎಂದಳು ಸರ್ವಮಂಗಳಾ.

"ಆಗುತ್ತೆ," ಎಂದ ರಾಜೇಂದ್ರ.

*

ಮೇಳದ ದಿನ ಇಬ್ಬರೂ ರೋಜಾಳ ಅಕ್ಕಪಕ್ಕ ಕೂತು ಬಸ್ಸಿನಲ್ಲಿ ಬಂದರು. ಬಸ್ಸು ನರಸೀಪುರದ ಸೇತುವೆಯ ಮೇಲೆ ಬಂದಾಗ ಹುಡುಗಿ ಕಿಟಕಿಯಿಂದ ಹೊಳೆಯನ್ನು ನೋಡಿದಳು. ಸರ್ವಮಂಗಳಾ ಅವಳ ಕೈಯನ್ನು ಹಿಡಿದುಕೊಂಡಳು. ಇನ್ನೊಂದು ಕೈಯನ್ನು ರಾಜೇಂದ್ರ ಆಗಲೇ ಹಿಡಿದುಕೊಂಡಿದ್ದ.

ಮಧ್ಯಾಹ್ನ ತೀರ್ಪು ಮುಗಿಯಿತು. ಮಕ್ಕಳೆಲ್ಲ ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತರು. ಮೇಷ್ಟರುಗಳೆಲ್ಲ ಒಳಗೆ ಹೋದರು. ಒಬ್ಬರು ಬಾಗಿಲಿಂದ ಕೂಗಿದರು. "ಬನ್ನಿ ಮೇಡಂ, ಕೂಡಿಸೋದಕ್ಕೆ! ಆಮೇಲೆ ತಕರಾರು ತೆಗೀಬೇಡಿ."

"ನೀವೇ ಕೂಡಿಸ್ಕೊಳ್ಳಿ ಸಾರ್. ನಾವು ಇಲ್ಲೇ ಇರ್ತೀವಿ."

ಬಾಗಿಲು ಮುಚ್ಚಿತು. ಒಳಗಿನಿಂದ ಅದೇ ಹಳೆಯ ರಾಗ: ಏಳೂವರೆ, ಎಂಟು, ಆರು… ಆ ಸದ್ದು ಕೇಳಿದ್ದೇ ಸರ್ವಮಂಗಳಾ ಬಾಗಿಲಿಗೆ ಬೆನ್ನು ಮಾಡಿದಳು. ಮೆಟ್ಟಿಲ ಮೇಲೆ ಕುಸಿದು ಕೂತಳು. ಸ್ವಲ್ಪ ದೂರ ಬಿಟ್ಟು ರಾಜೇಂದ್ರನೂ ಕೂತ.

"ನಿಮಗೆ ಒಂದು ಮಾತು ಹೇಳಬೇಕು," ಎಂದಳು.

ಅವನು ಅವಳ ಕಡೆ ತಿರುಗಿದ.

"ನನ್ನ ನೋಡಬೇಡಿ! ಮಕ್ಕಳನ್ನ ನೋಡಿ. ನೋಡ್ತಾನೇ ಕೇಳಿ."

ಅವನು ಮರದ ಕಡೆಗೆ ತಿರುಗಿಕೊಂಡ. ಅವಳೂ ರೋಜಾಳ ಕೆಂಪು ರಿಬ್ಬನ್ನಿನ ಮೇಲೆ ಕಣ್ಣಿಟ್ಟೇ ಮಾತಾಡಿದಳು.

"ಅವತ್ತು ನೀವು ಕೂರಿಸಿದ್ದಕ್ಕೆ ನಾನು ಕೂತಿದ್ದಲ್ಲ. ಲೆಕ್ಕ ಸರಿಯಿದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಕೂಡಿಸ್ದೆ, ಬೇಕು ಅಂತ್ಲೇ. ನಿಮ್ಮ ಪಕ್ಕ ಕೂತಿರೋದು ಇಷ್ಟ ಆಗಿತ್ತು, ಅದಕ್ಕೆ. ಇಷ್ಟು ವರ್ಷ ನಿಮ್ಮ ಮೇಲೆ ಕೋಪ ಮಾಡ್ಕೊಂಡಿದ್ದು ಸುಳ್ಳು ರಾಜೇಂದ್ರ. ಆ ಕೋಪ ಇಲ್ದಿದ್ರೆ ನನ್ನನ್ನ ನಾನೇ ಏನು ಮಾಡ್ಕೊಂಡಿರ್ತಿದ್ನೋ!"

ಒಳಗೆ ಕೂಡಿಸುವವರ ಗದ್ದಲ ಜೋರಾಯಿತು, ತಗ್ಗಿತು.

"ನಂಗೂ ಗೊತ್ತಿತ್ತು," ಎಂದ ಕೊನೆಗೆ.

"ಏನು?"

"ಮೊತ್ತ ಸರಿಯಿದೆ ಅಂತ. ನಿಮ್ಮನ್ನ ಇನ್ನೊಂದು ಗಳಿಗೆ ಕೂರಿಸ್ಕೊಳ್ಳೋಣ ಅಂತ ಹಾಗಂದೆ. ವಿಚಾರಣೇಲಿ ಎಲ್ಲಾ ಹೇಳ್ದೆ, ಇದೊಂದನ್ನ ಹೇಳೋಕೆ ನಾಲಿಗೆ ಏಳ್ಲಿಲ್ಲ."

ಅವಳಿಗೆ ಅಳು ಒತ್ತರಿಸಿ ಬಂತು. ಕಣ್ಣು ಮಂಜಾದರೆ ರೋಜಾ ಕಾಣುವುದಿಲ್ಲವೆಂದು ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು.

"ನಾವು ಸಂತೋಷವಾಗಿದ್ವಿ… ಆ ಮಗು ಮುಳುಗೋ ಹೊತ್ತಲ್ಲಿ ನಾವಿಬ್ರೂ ಸಂತೋಷವಾಗಿದ್ವಿ. ಇದನ್ನ ನಾನು ಯಾರ ಹತ್ರ ಹೇಳ್ಲಿ?"

"ನನ್ನ ಹತ್ರ ಹೇಳಿ. ನನ್ನ ಬಿಟ್ಟು ಇನ್ಯಾರಿಗೆ ಅರ್ಥ ಆಗುತ್ತೆ?"

"ದಿನಾ ಹೇಳ್ತೀನಿ. ಬೇಜಾರಾಗಲ್ವಾ?"

"ದಿನಾ ಕೇಳ್ತೀನಿ. ನಂದನ್ನೂ ನೀವು ಕೇಳಬೇಕಲ್ಲ."

ಅಷ್ಟರಲ್ಲಿ ರೋಜಾ ಮರದ ಕೆಳಗಿನಿಂದ ಎದ್ದಳು. ಮೆಟ್ಟಿಲ ಮೇಲಿದ್ದ ಇಬ್ಬರೂ ಒಟ್ಟಿಗೇ ಎದ್ದು ನಿಂತರು, ಒಟ್ಟಿಗೇ ಕೂಗಿದರು.

"ಎಲ್ಲಿಗೇ?"

"ಎಲ್ಗೂ ಇಲ್ಲ ಮಿಸ್! ಕಾಲು ಜೋಮು ಹಿಡೀತು," ಎಂದಳು ಹುಡುಗಿ, ಗಾಬರಿಯಿಂದ.

ಬಹುಮಾನ ರೋಜಾಗೆ ಬರಲಿಲ್ಲ. ಬೇರೆ ಯಾರಿಗೋ ಬಂತು. ಬಸ್ಸಿನಲ್ಲಿ ಸ್ವಲ್ಪ ಅತ್ತಳು, ಆಮೇಲೆ ರಾಜೇಂದ್ರನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು.

ದೇವನೂರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಬಸ್ಸು ನಿಲ್ಲುವ ಕಡೆಯೇ ಶಿವನಂಜಮ್ಮ ನಿಂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ಇದ್ದಳೆಂದು ಅಂಗಡಿಯವನು ಹೇಳಿದ. ಮಗಳ ತಲೆ ಸವರಿದಳು, ಕೆನ್ನೆ ಸವರಿದಳು, ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅವಳನ್ನು ಎದೆಗೆ ಅಪ್ಪಿಕೊಂಡು, ಇಷ್ಟು ವರ್ಷ ಊರಿನವರು ಕೇಳದ ದನಿಯಲ್ಲಿ ಗೋಳೋ ಎಂದು ಅತ್ತಳು. ರಾಜೇಂದ್ರನೂ ಸರ್ವಮಂಗಳಾಳೂ ತಲೆ ತಗ್ಗಿಸಿ ನಿಂತೇ ಇದ್ದರು. ಸಮಾಧಾನ ಹೇಳುವ ಹಕ್ಕು ಅವರಿಗಿರಲಿಲ್ಲ.

"ತಂದ್ ಬುಟ್ರಿ," ಎಂದಳು ಶಿವನಂಜಮ್ಮ ಕೊನೆಗೆ, ಮೂಗು ಒರೆಸಿಕೊಂಡು. "ಇನ್ ಓಗಿ. ಇಬ್ರೂ ಒಟ್ಗೇ ಓಗಿ."

ತಾಯಿ ಮಗಳು ಕೇರಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವರಿಬ್ಬರೂ ಕಣ್ಣು ಕದಲಿಸಲಿಲ್ಲ. ರೋಜಾಳ ಮನೆಯ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಗ ರಾಜೇಂದ್ರ ಕೇಳಿದ, ಮುಖ ಇನ್ನೂ ಆ ಕಡೆಗೇ ಇತ್ತು.

"ಸರ್ವಮಂಗಳಾ… ಈಗ ನಿಮ್ಮನ್ನ ನೋಡಬಹುದಾ?"

ಅವಳು ಅವನ ಕಡೆ ತಿರುಗಿದಳು.

"ನೋಡಿ," ಎಂದಳು.